ಥರ್ಮಾಮೀಟರ್ 97 ತೋರಿಸಿದರೆ 97 ಅಂತಲೇ ಬರೆಯಲಿ

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನವರು. ಮೂರು ಎಕರೆ ಕಾಫಿ ತೋಟ ಇದೆ. ನಾನು ಪಿಯುಸಿ ಫೇಲ್, ನನ್ನ ಹೆಂಡತಿ ಓದಿದ್ದು ಏಳನೇ ಕ್ಲಾಸು. ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ವಿಜ್ಞಾನದಲ್ಲಿ ಒಳ್ಳೆ ಅಂಕ ಬರುತ್ತೆ. ಆದರೆ ಪುಸ್ತಕದಲ್ಲಿ ಇರೋದು ಬಿಟ್ಟು ಬೇರೆ ಏನು ಕೇಳಿದರೂ ಸುಮ್ನೆ ನಿಲ್ಲುತ್ತಾಳೆ. ತಾನಾಗಿ ಒಂದು ಪ್ರಶ್ನೆಯನ್ನೂ ಕೇಳಲ್ಲ. ವಾಟ್ಸಾಪ್‌ನಲ್ಲಿ ಬಂದಿದ್ದನ್ನೆಲ್ಲ ನಿಜ ಅಂತ ಅಜ್ಜಿಗೆ ಓದಿ ಹೇಳುತ್ತಾಳೆ. ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ಬಂದಾಗಿನಿಂದ ಅಜ್ಜಿ, ಮೊಮ್ಮಗಳು ಇಬ್ಬರಿಗೂ ಭಯ. ನೆಂಟರೆಲ್ಲ ಈಗಲೇ ಹಾಸನದ ಕೋಚಿಂಗ್‌ಗೆ ಸೇರಿಸಿ ಅಂತಾರೆ. ಸೇರಿಸೋಣವೇ? ಮೊಬೈಲ್ ಕಿತ್ತಿಟ್ಟುಕೊಳ್ಳೋಣವೇ? ಹೆಚ್ಚು ಓದದ ನಮ್ಮಂಥವರು ಮನೆಯಲ್ಲಿ ಏನು ಮಾಡಬಹುದು?

ಉತ್ತರ: ಕೋಚಿಂಗ್ ಈಗ ಬೇಡ. ಮೊಬೈಲ್ ಕಿತ್ತುಕೊಳ್ಳೋದೂ ಬೇಡ. ಎರಡಕ್ಕೂ ಕಾರಣ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ನೀವು ಅದನ್ನು ಸಂಕೋಚದಿಂದ ಕೇಳಿದ್ದೀರಿ. ಆದರೆ ನಾನು ಹೇಳಬೇಕಾದದ್ದೆಲ್ಲ ಆ ಪ್ರಶ್ನೆಯ ಒಳಗೇ ಇದೆ.

ನಿಮ್ಮ ಮಗಳಿಗೆ ಬುದ್ಧಿ ಕಮ್ಮಿ ಇಲ್ಲ. ಶಾಲೆಯಲ್ಲಿ ಅವಳು ಒಂದು ವಿಷಯ ಚೆನ್ನಾಗಿ ಕಲಿತುಬಿಟ್ಟಿದ್ದಾಳೆ, ಅಷ್ಟೇ. ಉತ್ತರ ಅನ್ನೋದು ಮೊದಲೇ ಎಲ್ಲೋ ಬರೆದಿಟ್ಟಿರುತ್ತೆ, ಅದನ್ನು ಹಾಗೇ ತಂದು ಒಪ್ಪಿಸೋದು ತನ್ನ ಕೆಲಸ ಅಂತ. ಪುಸ್ತಕದಿಂದ ತಂದು ಒಪ್ಪಿಸಿದರೆ ಅಂಕ ಸಿಗುತ್ತೆ. ವಾಟ್ಸಾಪ್‌ನಿಂದ ತಂದು ಅಜ್ಜಿಗೆ ಓದಿ ಹೇಳುವಾಗಲೂ ಅವಳು ಮಾಡುತ್ತಿರೋದು ಅದೇ ಕೆಲಸ. ನಿಮಗೆ ಇವು ಎರಡು ತೊಂದರೆಗಳ ಹಾಗೆ ಕಾಣುತ್ತಿವೆ. ನನಗೆ ಒಂದೇ ಅನ್ನಿಸುತ್ತೆ. ಹಾಗಾಗಿ ಔಷಧವೂ ಒಂದೇ. ಉತ್ತರ ನೋಡುವ ಮೊದಲು ಅವಳು ತನ್ನ ಊಹೆಯನ್ನು ಬರೆಯಬೇಕು. ಬರೆದ ಮೇಲೆ ನೋಡಬೇಕು. ಎರಡೂ ಬೇರೆ ಬೇರೆ ಬಂದರೆ ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಕು. ಇದನ್ನು ಮಾಡಿಸೋಕೆ ಅಪ್ಪ ಅಮ್ಮ ಡಿಗ್ರಿ ಓದಿರಬೇಕಾಗಿಲ್ಲ.

ನಾನು ಹಾಸನದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಲ್ಯಾಬ್‌ನಲ್ಲಿ ಪ್ರತಿ ವರ್ಷ ತಪ್ಪದೆ ಮಾಡಿಸುವ ಒಂದು ಪ್ರಯೋಗ ಇದೆ. ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ ಅಂತ ನೋಡೋದು. ಸ್ಟ್ಯಾಂಡ್ ಮೇಲೆ ಬೀಕರ್, ಕೆಳಗೆ ಸ್ಪಿರಿಟ್ ದೀಪ, ತಳ ಮುಟ್ಟದ ಹಾಗೆ ನೀರಿಗೆ ಇಳಿಬಿಟ್ಟ ಥರ್ಮಾಮೀಟರ್. ಮೊದಲು ಸಣ್ಣ ಸಣ್ಣ ಗುಳ್ಳೆಗಳು ಗಾಜಿಗೆ ಅಂಟಿಕೊಂಡು ಕೂರುತ್ತವೆ. ಆಮೇಲೆ ತಳದಿಂದ ದೊಡ್ಡ ಗುಳ್ಳೆಗಳು ಏಳುತ್ತವೆ. ನೀರು ಕೊತಕೊತ ಕುದಿಯುತ್ತೆ. ಥರ್ಮಾಮೀಟರ್ 95, 96 ದಾಟಿ 97ರ ಹತ್ತಿರ ಬಂದು ನಿಂತುಬಿಡುತ್ತೆ. ಎಷ್ಟು ಹೊತ್ತು ಕಾಯಿಸಿದರೂ ಅಲ್ಲಿಂದ ಮೇಲೆ ಹೋಗಲ್ಲ. ಮಕ್ಕಳು ಬಗ್ಗಿ ನೋಡುತ್ತಾರೆ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆಮೇಲೆ ರೆಕಾರ್ಡ್ ಪುಸ್ತಕ ತೆಗೆದು 100 ಅಂತ ಬರೆಯುತ್ತಾರೆ!

ಕಣ್ಣೆದುರಿಗೆ 97 ಇದೆ, ಬರೆಯೋದು 100. ಯಾಕೆ ಅಂತ ಕೇಳಿದರೆ 'ಬುಕ್ಕಲ್ಲಿ ನೂರು ಅಂತ ಇದೆ ಮೇಡಂ' ಅನ್ನುತ್ತಾರೆ. ಸ್ವಲ್ಪ ಧೈರ್ಯ ಇರೋ ಮಗು ಯಾವುದಾದರೂ ಇದ್ದರೆ 'ಥರ್ಮಾಮೀಟರ್ ಕೆಟ್ಟಿದೆ' ಅನ್ನುತ್ತೆ. ನನಗೆ ಆ ಮಗುವಿನ ಮೇಲೆ ತುಂಬಾ ಭರವಸೆ. ಯಾಕೆಂದರೆ ಅದು ಕಂಡಿದ್ದನ್ನು ಮುಚ್ಚಿಡಲಿಲ್ಲ, ಕಂಡಿದ್ದಕ್ಕೆ ಒಂದು ಕಾರಣ ಕೊಟ್ಟಿತು. ಕಾರಣ ಕೊಟ್ಟ ಮೇಲೆ ಪರೀಕ್ಷೆ ಮಾಡಬಹುದು. ಸರಿ, ಕೆಟ್ಟಿದೆಯಾ ನೋಡೋಣ ಅಂತ ಐಸ್ ತರಿಸುತ್ತೇನೆ. ಪುಡಿ ಮಾಡಿ, ಅದು ಕರಗುತ್ತಿರುವಾಗ ಥರ್ಮಾಮೀಟರ್ ಇಟ್ಟರೆ 0 ತೋರಿಸುತ್ತೆ. ಇನ್ನೊಂದು ಥರ್ಮಾಮೀಟರ್ ತಂದು ಕುದಿಯುವ ನೀರಿಗೆ ಇಟ್ಟರೂ 97ರ ಆಸುಪಾಸೇ ಬರುತ್ತೆ. ಅಗ್ಗದ ಥರ್ಮಾಮೀಟರ್ ಒಂದರ್ಧ ಡಿಗ್ರಿ ಆಚೀಚೆ ಆಗಬಹುದು. ಆದರೆ 100 ಬರಲ್ಲ. ಆಗ ಕ್ಲಾಸಿನಲ್ಲಿ ಗುಸುಗುಸು ಶುರುವಾಗುತ್ತೆ. ಆ ಗುಸುಗುಸು ಶುರುವಾದ ಮೇಲೆ ಪಾಠ ಮಾಡೋದು ಬಹಳ ಸುಲಭ.

ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ನಿಮ್ಮ ಸಕಲೇಶಪುರವೂ ಹೆಚ್ಚುಕಮ್ಮಿ ಅಷ್ಟೇ. ಮೇಲೆ ಹೋದಷ್ಟೂ ನಮ್ಮ ತಲೆಯ ಮೇಲಿನ ಗಾಳಿ ಕಮ್ಮಿ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿನ ಸುಮಾರು ಹತ್ತರಲ್ಲಿ ಒಂಬತ್ತು ಭಾಗ. ಒತ್ತಡ ಕಮ್ಮಿ ಇದ್ದರೆ ನೀರು ಬೇಗ ಆವಿಯಾಗಿ ಏಳುತ್ತೆ, ಕಮ್ಮಿ ಬಿಸಿಯಲ್ಲೇ ಕುದಿಯುತ್ತೆ. ಲೆಕ್ಕಕ್ಕೆ ಪ್ರತಿ 300 ಮೀಟರ್‌ಗೆ ಒಂದು ಡಿಗ್ರಿ ಇಳಿಯುತ್ತೆ ಅಂತ ಇಟ್ಟುಕೊಳ್ಳಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ತುದಿಯಲ್ಲಿ ನೀರು 94ರ ಒಳಗೇ ಕುದಿಯುತ್ತೆ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ ಪುಸ್ತಕದ 100 ಸಿಗುತ್ತೆ. ಪುಸ್ತಕ ಸುಳ್ಳು ಹೇಳಿಲ್ಲ. ಸಮುದ್ರ ಮಟ್ಟದ ಒತ್ತಡದಲ್ಲಿ ಅನ್ನೋ ಷರತ್ತು ಆ 100ರ ಜೊತೆಗೇ ಇದೆ. ಮಕ್ಕಳು ಷರತ್ತನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ಬಾಯಿಪಾಠ ಮಾಡಿದ್ದಾರೆ.

ನಿಮ್ಮ ಮನೆಯವರು ಅಡುಗೆಮನೆಯಲ್ಲಿ ದಿನಾ ಈ ಪಾಠದ ಮೇಲೇ ಕೆಲಸ ಮಾಡುತ್ತಾರೆ. ಕುಕ್ಕರ್ ಮುಚ್ಚಳ ಹಾಕಿ ಆವಿಯನ್ನು ಒಳಗೇ ತಡೆದರೆ ಒತ್ತಡ ಏರುತ್ತೆ, ನೀರು 120 ಡಿಗ್ರಿಯ ಹತ್ತಿರ ಹೋಗುತ್ತೆ, ಬೇಳೆ ಬೇಗ ಬೇಯುತ್ತೆ. ಒಂದು ದಿನ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರೇ ಕೇಳಲಿ. 'ಇದೇ ಬೇಳೆ ಪಾತ್ರೆಯಲ್ಲಿ ಹಾಕಿದರೆ ಎಷ್ಟು ಹೊತ್ತು ಬೇಕು? ಬರಿ ನೋಡೋಣ.' ಬರೆದ ಮೇಲೆ ಗಡಿಯಾರ ನೋಡಿಕೊಂಡು ಬೇಯಿಸಲಿ.

ಈಗ ತೋಟಕ್ಕೆ ಬನ್ನಿ. ನೀವು ಕಾಫಿ ಬೆಳೆಯೋರು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದರೆ ಅರೇಬಿಕಾ ಒಂಬತ್ತು ಹತ್ತು ದಿನಕ್ಕೆ ಹೂ ಬಿಡುತ್ತೆ, ರೋಬಸ್ಟಾ ಒಂದೆರಡು ದಿನ ಮುಂಚೆ. ಮಳೆ ಬಿದ್ದ ರಾತ್ರಿ ನೀವು 'ಮುಂದಿನ ಶನಿವಾರ ಹೂ ಬಿಡುತ್ತೆ' ಅಂದಿರುತ್ತೀರಿ, ಅಲ್ವಾ? ಮುಂದೆ ಆಗೋದನ್ನು ಈಗಲೇ ತಾರೀಖು ಹಾಕಿ ಹೇಳೋದು, ಆಮೇಲೆ ಆಯಿತೋ ಇಲ್ಲವೋ ನೋಡೋದು. ವಿಜ್ಞಾನಿಗಳು ಮಾಡೋದೂ ಇದನ್ನೇ. ನೀವು ಓದಿಲ್ಲ ಅಂದಿರಿ. ಆದರೆ ನಿಮ್ಮ ಮಗಳಿಗೆ ಬೇಕಾದ ಅಭ್ಯಾಸ ಆ ಮನೆಯಲ್ಲಿ ಈಗಾಗಲೇ ಇರೋದು ನಿಮ್ಮ ಹತ್ತಿರವೇ. ಅವಳ ಕಣ್ಣಿಗೆ ಅದು ಬಿದ್ದಿಲ್ಲ. ಅಪ್ಪನಿಗೆ ಗೊತ್ತಿರೋದು ಶಾಲೆಯ ವಿಜ್ಞಾನಕ್ಕೆ ಸೇರಿದ್ದು ಅಂತ ಅವಳಿಗೆ ಯಾರೂ ಹೇಳಿಲ್ಲ.

ಒಂದು ನೋಟ್ ಬುಕ್ ಕೊಡಿಸಿ. ಈ ಸಲ ಹೂಮಳೆ ಬಿದ್ದ ದಿನ ರಾತ್ರಿಯೇ ಮೂವರೂ ನಿಮ್ಮ ನಿಮ್ಮ ತಾರೀಖು ಬರೆಯಿರಿ. ಅಜ್ಜಿಯನ್ನೂ ಸೇರಿಸಿಕೊಳ್ಳಿ. ಅವರ ಊಹೆ ಎಲ್ಲರಿಗಿಂತ ಹತ್ತಿರ ಬಂದರೆ ಆಶ್ಚರ್ಯ ಇಲ್ಲ. ತಗ್ಗಿನ ಗಿಡಕ್ಕೂ ದಿಣ್ಣೆಯ ಗಿಡಕ್ಕೂ ಒಂದು ದಿನ ವ್ಯತ್ಯಾಸ ಬರುತ್ತಾ? ನೆರಳು ಜಾಸ್ತಿ ಇರೋ ಕಡೆ ತಡವಾಗುತ್ತಾ? ಇಂಥ ಪ್ರಶ್ನೆಗಳು ಆಗ ಅವಳ ಬಾಯಿಂದಲೇ ಬರುತ್ತವೆ. ಪ್ರಶ್ನೆ ಕೇಳು ಕೇಳು ಅಂತ ಹೇಳಿದರೆ ಯಾವ ಮಗುವೂ ಕೇಳಲ್ಲ. ತಾನು ಬರೆದ ಊಹೆ ತಪ್ಪಾದಾಗ ಕೇಳದೆ ಇರೋಕೆ ಆಗಲ್ಲ.

ಮಳೆ ಅಳೆಯೋದನ್ನೂ ಅವಳಿಗೇ ಬಿಟ್ಟುಬಿಡಿ. ತೋಟದವರು ಇಂಚು, ಸೆಂಟ್ಸ್‌ನಲ್ಲಿ ಮಾತಾಡುತ್ತಾರೆ, ಶಾಲೆಯ ಪುಸ್ತಕ ಮಿಲಿಮೀಟರ್‌ನಲ್ಲಿ ಮಾತಾಡುತ್ತೆ. ಒಂದು ಇಂಚಿಗೆ ನೂರು ಸೆಂಟ್ಸ್, 25.4 ಮಿಲಿಮೀಟರ್. ಎರಡನ್ನೂ ಬರೆಯಲಿ. ಮನೆಯಲ್ಲಿ ಮಳೆ ಮಾಪಕ ಇಲ್ಲದಿದ್ದರೆ ಬಾಯಿಂದ ತಳದವರೆಗೂ ಒಂದೇ ಅಗಲ ಇರುವ ಡಬ್ಬಿಯೊಂದನ್ನು ಬಯಲಲ್ಲಿಟ್ಟು ಸ್ಕೇಲ್ ಹಿಡಿದರೂ ಸಾಕು. ಆದರೆ ಡಬ್ಬಿ ಇಡುವ ಮೊದಲು ಒಂದು ಮಾತು ಕೇಳಿ. ಒಂದು ಅಗಲದ ಡಬ್ಬಿ, ಒಂದು ಸಣ್ಣ ಡಬ್ಬಿ ಪಕ್ಕ ಪಕ್ಕ ಇಟ್ಟರೆ ಯಾವುದರಲ್ಲಿ ನೀರು ಎತ್ತರಕ್ಕೆ ಬರುತ್ತೆ? ನಾನು ಕ್ಲಾಸಿನಲ್ಲಿ ಕೇಳಿದಾಗ ಹೆಚ್ಚಿನ ಮಕ್ಕಳು ಸಣ್ಣದು ಅನ್ನುತ್ತಾರೆ, ಕೆಲವರು ದೊಡ್ಡದು ಅನ್ನುತ್ತಾರೆ. ಸಮ ಅನ್ನೋರು ಬಹಳ ಕಮ್ಮಿ. ಮಳೆ ಬಂದ ಮೇಲೆ ಸ್ಕೇಲ್ ಇಟ್ಟು ನೋಡಿದರೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಎತ್ತರ. ಅಗಲದ ಡಬ್ಬಿಗೆ ನೀರು ಜಾಸ್ತಿ ಬೀಳುತ್ತೆ, ಆದರೆ ಆ ನೀರು ಅಷ್ಟೇ ಅಗಲಕ್ಕೆ ಹರಡಿಕೊಳ್ಳುತ್ತೆ. ಇದನ್ನು ನಾನು ಬೋರ್ಡಿನ ಮೇಲೆ ಸೂತ್ರ ಬರೆದು ವಿವರಿಸಿದರೆ ಮಕ್ಕಳು ತಲೆ ಆಡಿಸುತ್ತಾರೆ, ವಾರಕ್ಕೆ ಮರೆಯುತ್ತಾರೆ. ತಾನೇ ಬರೆದ 'ಸಣ್ಣ ಡಬ್ಬಿ' ಅನ್ನೋ ಎರಡು ಪದ ಸುಳ್ಳಾಗಿದ್ದನ್ನು ಅಂಗಳದಲ್ಲಿ ನಿಂತು ನೋಡಿದ ಮಗು ಮರೆಯಲ್ಲ.

ಬಿಸಿಲಿಗೂ ಒಂದು ಇದೆ. ಸೂರ್ಯ ನೆತ್ತಿಗೆ ಬರೋದು ಎಷ್ಟು ಗಂಟೆಗೆ ಅಂತ ಕೇಳಿ. ಹನ್ನೆರಡು ಅನ್ನುತ್ತಾಳೆ. ಅಂಗಳದಲ್ಲಿ ನೆಟ್ಟಗೆ ಒಂದು ಕೋಲು ನೆಡಿ, ಹನ್ನೆರಡರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಲಿ. ಅತಿ ಗಿಡ್ಡ ನೆರಳು ಬರೋದು ಹನ್ನೆರಡಕ್ಕಲ್ಲ. ನಮ್ಮ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ಹಾಸನ ಇರೋದು 76 ಡಿಗ್ರಿಯ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ನಮ್ಮ ಮಧ್ಯಾಹ್ನ ಸುಮಾರು 25 ನಿಮಿಷ ತಡ, ವರ್ಷದ ಬೇರೆ ಬೇರೆ ತಿಂಗಳಲ್ಲಿ 12.10ರಿಂದ 12.40ರ ನಡುವೆ ಓಡಾಡುತ್ತೆ. ಏಪ್ರಿಲ್ 24ರ ಆಸುಪಾಸು ನಮ್ಮ ಕಡೆ ಆ ಹೊತ್ತಿಗೆ ಕೋಲಿನ ನೆರಳು ಪೂರ್ತಿ ಮಾಯವಾಗುತ್ತೆ. ಆಗಸ್ಟ್ 18ರ ಸುಮಾರಿಗೂ ಆಗುತ್ತೆ, ಆದರೆ ಮಲೆನಾಡಿನಲ್ಲಿ ಆಗ ಸೂರ್ಯನ ಮುಖ ಕಾಣೋದೇ ಕಷ್ಟ. ಏಪ್ರಿಲ್ ಬಿಡಬೇಡಿ.

ಇದನ್ನೆಲ್ಲ ಮಾಡುವಾಗ ನೀವು ಪಾಲಿಸಬೇಕಾದದ್ದು ಒಂದೇ, ಆದರೆ ಅದು ಕಷ್ಟ. ಊಹೆ ತಪ್ಪಾದಾಗ ನಗಬೇಡಿ. 'ಇಷ್ಟೂ ಗೊತ್ತಿಲ್ವಾ, ಒಂಬತ್ತನೇ ಕ್ಲಾಸು' ಅನ್ನಬೇಡಿ. ಬೇರೆಯವರು ಅಂದರೆ ತಡೆಯಿರಿ. ನೆಂಟರು ಮನೆಗೆ ಬಂದ ತಕ್ಷಣ ಮಗುವನ್ನು ಕರೆದು ಎಷ್ಟು ಪರ್ಸೆಂಟ್ ಅಂತ ಕೇಳೋದು ನಮ್ಮಲ್ಲಿ ಉಭಯಕುಶಲೋಪರಿ ಆಗಿಹೋಗಿದೆ. ಮಗು ಪ್ರಶ್ನೆ ಕೇಳದೆ ಸುಮ್ಮನಿರೋಕೆ ಮುಖ್ಯ ಕಾರಣ ತಪ್ಪಿದರೆ ಅವಮಾನ ಅನ್ನೋ ಭಯ. ಆ ಭಯ ಹುಟ್ಟೋದು ಕ್ಲಾಸಿನಲ್ಲಿ, ಬೆಳೆಯೋದು ಮನೆಯ ಹಜಾರದಲ್ಲಿ. ಅವಳು ಏನಾದರೂ ಕೇಳಿ ನಿಮಗೆ ಉತ್ತರ ಬರದಿದ್ದರೆ 'ನನಗೂ ಗೊತ್ತಿಲ್ಲ, ನಿನಗೆ ಏನನ್ನಿಸುತ್ತೆ?' ಅಂತ ಕೇಳಿ. ಗೊತ್ತಿದ್ದರೂ ಒಂದು ನಿಮಿಷ ತಡೆದು ಹಾಗೇ ಕೇಳಿ. ನಾನು ನೋಡಿದ ಹಾಗೆ, ಹೆಚ್ಚು ಓದಿದ ಅಪ್ಪ ಅಮ್ಮಂದಿರಿಗೇ ಇದು ಜಾಸ್ತಿ ಕಷ್ಟ. ಮಗು ಬಾಯಿ ತೆರೆಯುವ ಮೊದಲೇ ಉತ್ತರ ಕೊಟ್ಟು ಮುಗಿಸಿಬಿಡುತ್ತಾರೆ.

ವಾಟ್ಸಾಪ್ ವಿಷಯಕ್ಕೆ ಬರುತ್ತೇನೆ. ನೀವು ಹಾರ್ಟ್ ಅಟ್ಯಾಕ್ ಸುದ್ದಿ ಹೇಳಿದ್ದು ಒಳ್ಳೆಯದಾಯಿತು. 2025ರ ಮೇ ಕೊನೆಯಿಂದ ಜುಲೈವರೆಗೆ ನಮ್ಮ ಜಿಲ್ಲೆ ಆ ಭಯದಲ್ಲೇ ಮುಳುಗಿತ್ತು. ದಿನಾ ಒಂದು ಹೊಸ ಸಾವು, ಒಂದು ಹೊಸ ಸಂಖ್ಯೆ. ಜನ ಬಸ್ಸು ಹತ್ತಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಸಾಲು ನಿಂತರು. ಕೋವಿಡ್ ಲಸಿಕೆಯಿಂದ ಹೀಗಾಗುತ್ತಿದೆ ಅಂತ ಫಾರ್ವರ್ಡ್‌ಗಳು ಓಡಾಡಿದವು. ನಮ್ಮ ಕ್ಲಾಸಿನ ಮಕ್ಕಳೂ ಹೆದರಿದ್ದರು. ಸತ್ತವರಲ್ಲಿ ಚಿಕ್ಕ ವಯಸ್ಸಿನವರಿದ್ದರು, ಹಾಗಾಗಿ ಆ ಭಯವನ್ನು ನಾನು ಹಗುರ ಮಾಡಿ ಮಾತಾಡಲ್ಲ.

ಮಕ್ಕಳ ಜೊತೆ ನಾವು ಮಾಡಿದ್ದು ಒಂದು ಲೆಕ್ಕ. ಮೊದಲು ಊಹೆ ಬರೆಸಿದೆ. ಹಾಸನ ಜಿಲ್ಲೆಯಲ್ಲಿ ಯಾವ ಸುದ್ದಿಯೂ ಇಲ್ಲದ ಸಾಮಾನ್ಯ ದಿನ ಎಲ್ಲ ಕಾರಣ ಸೇರಿ ಎಷ್ಟು ಜನ ಸಾಯಬಹುದು? ಒಬ್ಬರು, ಇಬ್ಬರು, ಐದು ಅಂತ ಬರೆದರು. ಆಮೇಲೆ ಲೆಕ್ಕ ಹಾಕಿದೆವು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಜನ ತೀರಿಕೊಳ್ಳುತ್ತಾರೆ. ಅಂದರೆ ಜಿಲ್ಲೆಯಲ್ಲಿ ವರ್ಷಕ್ಕೆ ಹನ್ನೊಂದು ಹನ್ನೆರಡು ಸಾವಿರ, ದಿನಕ್ಕೆ ಸುಮಾರು ಮೂವತ್ತು. ದೇಶದ ಸಾವುಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೃದಯ, ರಕ್ತನಾಳದ ಕಾಯಿಲೆಗಳಿಂದ. ಅಂದಮೇಲೆ ಯಾವ ಟಿವಿಯೂ ತೋರಿಸದ ಸಾಮಾನ್ಯ ದಿನವೂ ಜಿಲ್ಲೆಯಲ್ಲಿ ಏಳೆಂಟು ಜನ ಈ ಕಾರಣಕ್ಕೆ ಹೋಗುತ್ತಿರುತ್ತಾರೆ. ಮಕ್ಕಳು ಬೆರಗಾದರು. ಒಂದು ಹುಡುಗಿ ಎದ್ದು ನಿಂತು ಒಳ್ಳೆ ಮಾತು ಕೇಳಿದಳು: 'ಆದರೆ ಇವರೆಲ್ಲ ಚಿಕ್ಕವರು ಮೇಡಂ, ಆ ಲೆಕ್ಕದಲ್ಲಿ ಮುದುಕರೂ ಇದ್ದಾರಲ್ಲ?' ಸರಿಯಾದ ಪ್ರಶ್ನೆ. ನಮ್ಮ ಲೆಕ್ಕ ಅದಕ್ಕೆ ಉತ್ತರ ಕೊಡಲ್ಲ. ಹಿಂದಿನ ವರ್ಷಗಳಲ್ಲಿ ಅದೇ ವಯಸ್ಸಿನವರಲ್ಲಿ ಎಷ್ಟಾಗಿತ್ತು ಅಂತ ನೋಡಿದರೆ ಮಾತ್ರ ಗೊತ್ತಾಗುತ್ತೆ. ಅಂಥ ಕೆಲಸಕ್ಕೇ ತಜ್ಞರ ಸಮಿತಿ ಬೇಕು ಅಂತ ಹೇಳಿದೆ.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಸಮಿತಿ ನೋಡಿದ್ದು 24 ಸಾವುಗಳನ್ನು. ಅದರಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಆಗಿರಲಿಲ್ಲ. ಒಂದು ರಸ್ತೆ ಅಪಘಾತ, ಒಂದು ವಿದ್ಯುತ್ ಸ್ಪರ್ಶ ಕೂಡ ಆ ಪಟ್ಟಿಗೆ ಸೇರಿಕೊಂಡಿದ್ದವು. ಉಳಿದ 20ರಲ್ಲಿ ಅರ್ಧದಷ್ಟಕ್ಕೆ ಮಾತ್ರ ವೈದ್ಯಕೀಯ ದಾಖಲೆಯಿಂದ ಕಾರಣ ಖಚಿತವಾಯಿತು. ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಅಂತ ಸಮಿತಿ ಹೇಳಿತು. ಹಠಾತ್ ಸಾವುಗಳನ್ನು ಇನ್ನು ಮುಂದೆ ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಸರ್ಕಾರ ತೀರ್ಮಾನಿಸಿತು. ನನಗೆ ಬಹಳ ಮುಖ್ಯ ಅನ್ನಿಸಿದ್ದು ಇದೇ. ಎಣಿಸದೆ ಹೋದರೆ ಏರಿದೆಯೋ ಇಳಿದಿದೆಯೋ ಯಾರಿಗೂ ಗೊತ್ತಾಗಲ್ಲ. ಅಂಥ ಜಾಗದಲ್ಲೇ ಫಾರ್ವರ್ಡ್ ಬಂದು ಕೂರುತ್ತೆ.

ನಿಮ್ಮ ಮಗಳು ಮುಂದಿನ ಸಲ ಅಜ್ಜಿಗೆ ಏನಾದರೂ ಓದಿ ಹೇಳಿದಾಗ 'ಸುಳ್ಳು, ಸುಮ್ನಿರು' ಅನ್ನಬೇಡಿ. ಎಷ್ಟರಲ್ಲಿ ಎಷ್ಟು ಅಂತ ಕೇಳಿ. ಹೋದ ವರ್ಷ ಎಷ್ಟಿತ್ತು? ಎಣಿಸಿದವರು ಯಾರು? ಇದು ಸುಳ್ಳಾಗಿದ್ದರೆ ನಮಗೆ ಹೇಗೆ ಗೊತ್ತಾಗುತ್ತೆ? ಕೊನೆಯ ಪ್ರಶ್ನೆಗೆ ಉತ್ತರವೇ ಇಲ್ಲದ ಸುದ್ದಿಯನ್ನು ಯಾರಿಗೂ ಕಳಿಸೋದು ಬೇಡ ಅಂತ ಮನೆಯಲ್ಲಿ ಒಂದು ನಿಯಮ ಮಾಡಿ, ನೀವೂ ಪಾಲಿಸಿ. ಅಜ್ಜಿಯನ್ನು ಮಾತ್ರ ಬೈಯಬೇಡಿ. ಅವರಿಗೆ ಬೇಕಾಗಿರೋದು ಧೈರ್ಯ. ಅವರನ್ನು ಒಂದು ಸಲ ಬಿಪಿ, ಶುಗರ್ ಪರೀಕ್ಷೆಗೆ ಕರೆದುಕೊಂಡು ಹೋಗಿ. ಎದೆನೋವು ಬಂದರೆ ಗ್ಯಾಸ್ ಅಂತ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಓಡಬೇಕು ಅಂತ ಎಲ್ಲರಿಗೂ ಗೊತ್ತಿರಲಿ. ಭಯ ಬೇಡ ಅಂದ ಮಾತ್ರಕ್ಕೆ ಎಚ್ಚರ ಬೇಡ ಅಂತ ಆಗಲ್ಲ.

ಗ್ರಹಣಕ್ಕೂ ಇದೇ ಮಾತು. 2019ರ ಡಿಸೆಂಬರ್ 26ರಂದು ಬೆಳಗ್ಗೆ ಸೂರ್ಯಗ್ರಹಣ ಆದಾಗ ಮರದ ಎಲೆಗಳ ಸಂದಿಯಿಂದ ನೆಲಕ್ಕೆ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳಿದ್ದವು. ಕಾಫಿ ಕೊಯ್ಲಿನ ಕಾಲ, ತೋಟದ ನೆರಳಿನಲ್ಲಿ ನೆಲ ನೋಡಿದ್ದರೆ ಸಾಕಿತ್ತು. ಬಾಗಿಲು ಹಾಕಿಕೊಂಡು ಒಳಗೆ ಕೂತ ಮಕ್ಕಳಿಗೆ ಅದು ಸಿಗಲಿಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟ. 2027ರ ಆಗಸ್ಟ್ 2ರಂದು ಭಾರತಕ್ಕೆ ಪಾರ್ಶ್ವ ಗ್ರಹಣ ಇದೆ. ಮಳೆಗಾಲ, ಮೋಡ ಬಿಟ್ಟುಕೊಟ್ಟರೆ ನೋಡಿ. ಬರಿಗಣ್ಣಲ್ಲಿ ಸೂರ್ಯನನ್ನು ನೋಡೋದು ಮಾತ್ರ ಯಾವತ್ತೂ ಬೇಡ.

ಮೊಬೈಲ್ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ಕಿತ್ತುಕೊಂಡರೆ ಗೆಳತಿಯ ಫೋನ್‌ನಲ್ಲಿ ನೋಡುತ್ತಾಳೆ, ನಿಮಗೆ ಹೇಳದೆ ನೋಡುತ್ತಾಳೆ. ರಾತ್ರಿ ಮಲಗುವ ಹೊತ್ತಿಗೆ ಮನೆಯ ಎಲ್ಲ ಫೋನ್‌ಗಳೂ ಹಜಾರದಲ್ಲಿ ಒಂದೇ ಕಡೆ ಇರಲಿ, ನಿಮ್ಮದೂ ಸೇರಿ. ಊಟದ ಹೊತ್ತಿನಲ್ಲೂ ಹಾಗೇ. ಅಪ್ಪ ರೀಲ್ಸ್ ನೋಡುತ್ತಾ ಮಗಳಿಗೆ ಓದು ಅಂದರೆ ಆ ಮಾತು ನಾಟಲ್ಲ.

ಕೋಚಿಂಗ್‌ಗೆ ಬರೋಣ. ಈಗ ಎಂಟನೇ ತರಗತಿಯಿಂದಲೇ ಫೌಂಡೇಷನ್ ಅಂತ ಶುರು ಮಾಡಿದ್ದಾರೆ. ಡಾಕ್ಟರ್ ಓದಿಗೆ ಬರೆಯುವ ಪ್ರವೇಶ ಪರೀಕ್ಷೆ ನೀಟ್ ಅಂದರೆ 180 ಪ್ರಶ್ನೆ, 720 ಅಂಕ, ಮೂರು ಗಂಟೆ. ಅರ್ಧ ಪ್ರಶ್ನೆಗಳು ಜೀವಶಾಸ್ತ್ರದವು, ಉಳಿದರ್ಧದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಸಮಪಾಲು. ಅದರ ಪಠ್ಯ ಇರೋದು ಪಿಯುಸಿ ಎರಡು ವರ್ಷದ್ದು. ಇಂಜಿನಿಯರಿಂಗ್‌ಗೆ ಹೋಗುವ ಮನಸ್ಸಿದ್ದರೆ ಸಿಇಟಿ ರ‍್ಯಾಂಕ್‌ನಲ್ಲಿ ಅರ್ಧ ಪಾಲು ದ್ವಿತೀಯ ಪಿಯುಸಿಯ ಅಂಕಗಳದ್ದೇ. ಒಂಬತ್ತನೇ ತರಗತಿಯ ಮಗುವಿಗೆ ಇವೆರಡರ ಪಠ್ಯವೂ ಇನ್ನೂ ಬಂದೇ ಇಲ್ಲ. ಈಗ ಸಕಲೇಶಪುರದಿಂದ ಹಾಸನಕ್ಕೆ ಬಸ್ಸಿನಲ್ಲಿ ಓಡಾಡಿದರೆ ದಿನಕ್ಕೆ ಎರಡು ಮೂರು ಗಂಟೆ ದಾರಿಯಲ್ಲೇ ಕಳೆಯುತ್ತೆ. ನಿದ್ದೆ ಕಮ್ಮಿಯಾಗುತ್ತೆ, ಆಟ ನಿಲ್ಲುತ್ತೆ. ಸಿಗೋದು ಮತ್ತೊಂದಿಷ್ಟು ಸಿದ್ಧ ಉತ್ತರ. ಅವಳಿಗೆ ಈಗಾಗಲೇ ಅದು ಜಾಸ್ತಿಯಾಗಿದೆ.

ಊಹೆ, ಅಳತೆ ಅಂತ ಕೂತರೆ ಅಂಕ ಹೋಗುತ್ತೆ ಅನ್ನೋ ಆತಂಕ ನಿಮಗಿರಬಹುದು. ಎಸ್‌ಎಸ್‌ಎಲ್‌ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಲಿಖಿತದಲ್ಲಿ ಸನ್ನಿವೇಶ ಕೊಟ್ಟು ಯಾಕೆ ಅಂತ ಕೇಳುವ ಪ್ರಶ್ನೆಗಳಿರುತ್ತವೆ. ಬಾಯಿಪಾಠ ಮಾಡಿದ ಒಳ್ಳೆ ಮಕ್ಕಳು ಅಂಕ ಬಿಡೋದು ಅಲ್ಲೇ. ನೀರು 97ಕ್ಕೆ ಯಾಕೆ ಕುದಿಯಿತು ಅಂತ ಗೊತ್ತಿರೋ ಮಗು 100 ಅಂತ ಬರೆಯಬೇಕಾದ ಕಡೆ 100 ಬರೆಯುತ್ತೆ, ಷರತ್ತನ್ನೂ ಸೇರಿಸಿ ಬರೆಯುತ್ತೆ. ಕನ್ನಡ ಮಾಧ್ಯಮ ಅಂತ ನೆಂಟರು ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹತ್ತನೇ ತರಗತಿಯ ರಜೆಯಲ್ಲಿ ಪಾರಿಭಾಷಿಕ ಪದಗಳ ಇಂಗ್ಲಿಷ್ ರೂಪಗಳನ್ನು ಪಟ್ಟಿ ಮಾಡಿ ಕಲಿತರೆ ಪಿಯುಸಿಯ ಮೊದಲ ಕೆಲವು ತಿಂಗಳ ಕಷ್ಟ ಬಹಳ ಕಮ್ಮಿಯಾಗುತ್ತೆ. ಅವಳಿಗೆ ವಿಜ್ಞಾನವೇ ಬೇಕಾ ಅಂತಲೂ ಆಗ ಕೇಳಿ. ವಾಣಿಜ್ಯ, ಕಲಾ ವಿಭಾಗಕ್ಕೆ ಹೋದರೂ ನಾನು ಹೇಳಿದ ಅಭ್ಯಾಸ ಅವಳ ಜೊತೆಗೇ ಹೋಗುತ್ತೆ.

ಕೋಚಿಂಗ್‌ಗೆ ಕೊಡಬೇಕೆಂದಿದ್ದ ದುಡ್ಡಿನಲ್ಲಿ ಒಂದು ಭಾಗ ಖರ್ಚು ಮಾಡಲೇಬೇಕು ಅನ್ನಿಸಿದರೆ 110 ಡಿಗ್ರಿವರೆಗಿನ ಒಂದು ಲ್ಯಾಬ್ ಥರ್ಮಾಮೀಟರ್, ಒಂದು ಮಳೆ ಮಾಪಕ, ಒಂದು ಕೈಲೆನ್ಸ್ ಕೊಡಿಸಿ. ಜ್ವರದ ಥರ್ಮಾಮೀಟರ್ ಕುದಿಯುವ ನೀರಿಗೆ ಹಾಕಬೇಡಿ, ಒಡೆಯುತ್ತೆ.

ಇನ್ನೊಂದು ಕೆಲಸ ನಿಮ್ಮಿಂದಲೇ ಆಗಬೇಕು. ಶಾಲೆಗೆ ಹೋಗಿ ಲ್ಯಾಬ್ ತೆರೆಯುತ್ತಾರಾ ಅಂತ ಕೇಳಿ. ಪೋಷಕರ ಸಭೆಯಲ್ಲಿ ಎಲ್ಲರೂ ಅಂಕದ ಬಗ್ಗೆಯೇ ಕೇಳುತ್ತಾರೆ. ಈ ತಿಂಗಳು ಮಕ್ಕಳ ಕೈಯಿಂದ ಯಾವ ಪ್ರಯೋಗ ಮಾಡಿಸಿದಿರಿ ಅಂತ ಒಬ್ಬರಾದರೂ ಕೇಳಿದರೆ ನಮ್ಮಂಥ ಶಿಕ್ಷಕರಿಗೆ ಬಲ ಬರುತ್ತೆ. ನಮ್ಮ ಸಮಯ ಬೇರೆ ಕೆಲಸಗಳಿಗೆ ಎಷ್ಟು ಹೋಗುತ್ತೆ ಅಂತ ನಿಮಗೂ ಗೊತ್ತಿರಲಿ. 2025ರಲ್ಲಿ ಜಾತಿ ಸಮೀಕ್ಷೆಗೆ ಶಿಕ್ಷಕರು ಮನೆ ಮನೆ ಸುತ್ತಿದಾಗ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಸಮೀಕ್ಷೆ ಬೇಕಾದದ್ದೇ. ಆದರೆ ತಪ್ಪಿದ ಪಾಠವನ್ನು ಆಮೇಲೆ ಓಡಿಸಿ ಮುಗಿಸುವಾಗ ಮೊದಲು ಬಿಟ್ಟುಹೋಗೋದು ಪ್ರಯೋಗವೇ. ಹಾಗಾಗಿ ಜಗಳಕ್ಕೆ ಹೋದ ಹಾಗೆ ಹೋಗಬೇಡಿ. ಮೇ ಕೊನೆಗೆ ಶಾಲೆ ಶುರುವಾಗುತ್ತೆ. ಜೂನ್‌ನಲ್ಲೇ ಇನ್ನೂ ಇಬ್ಬರು ಮೂವರು ಪೋಷಕರನ್ನು ಜೊತೆಗೆ ಕರೆದುಕೊಂಡು ಹೋಗಿ. ಸ್ಪಿರಿಟ್, ಬೀಕರ್, ಥರ್ಮಾಮೀಟರ್‌ಗೆ ದುಡ್ಡಿನ ಕೊರತೆ ಇದ್ದರೆ ನಾವು ಸೇರಿಸಿ ಕೊಡುತ್ತೇವೆ, ತಿಂಗಳಿಗೆ ಎರಡು ಪ್ರಯೋಗ ಮಕ್ಕಳೇ ಮಾಡಲಿ ಅಂತ ಹೇಳಿ. ಯಾವ ದಿನ, ಯಾವ ಪೀರಿಯಡ್ ಅಂತ ಅಲ್ಲೇ ಟೈಮ್‌ಟೇಬಲ್‌ನಲ್ಲಿ ಬರೆಸಿಕೊಂಡು ಬನ್ನಿ.